ಪಿತ್ತದ ಹಾದಿ

ಕಾಮಾಲೆಯ ಕಣ್ಣಿಗೆ ಲೋಕವೆಲ್ಲ ಹಳದಿ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಗಾದೆಗಳು ಲೋಕಾನುಭವದ ಸಾರವೆಂದು ತರಗತಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದವನು ನಾನು. ಆದರೆ ಈ ಒಂದು ಗಾದೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗಿ ಬಂದಿದೆ. ಕಾಮಾಲೆ ಹಿಡಿದವನ ಕಣ್ಣಿಗೆ ಸಾಮಾನ್ಯವಾಗಿ ಲೋಕವೇನೂ ಹಳದಿಯಾಗುವುದಿಲ್ಲ. ಲೋಕದ ಕಣ್ಣಿಗೆ ಅವನು ಹಳದಿಯಾಗಿ ಕಾಣುತ್ತಾನೆ. ಇಷ್ಟೇ ಆಗಿದ್ದರೆ ಅದನ್ನು ಪಂಡಿತರ ಚರ್ಚೆಗೆ ಬಿಡಬಹುದಿತ್ತು. ಆದರೆ ಆ ಹಳದಿಯನ್ನೇ ನೋಡುತ್ತ ಕುಳಿತ ನಾವು ಅದರ ಬೆನ್ನಿಗೇ ಬರುವ ಇನ್ನೊಂದು ಬಣ್ಣವನ್ನು, ಬಿಳಿಯ ಬಣ್ಣವನ್ನು, ಗಮನಿಸದೆ ಹೋಗುವುದುಂಟು. ಹಾಗೆ ಗಮನಿಸದೆ ಹೋದರೆ ಎಳೆಯ ಜೀವವೊಂದಕ್ಕೆ ಎಂಥ ಆಪತ್ತು ಒದಗಬಹುದೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡೆ. ಆ ಕಾರಣದಿಂದ, ಕನ್ನಡ ಪಾಠ ಹೇಳಿಕೊಂಡಿದ್ದ ನಾನು ಇಂದು ನಿಮ್ಮೊಡನೆ ಪಿತ್ತದ ವಿಚಾರ ಮಾತನಾಡಲು ಕುಳಿತಿದ್ದೇನೆ. ವೈದ್ಯನಲ್ಲದವನು ವೈದ್ಯ ಹೇಳುವುದು ಅಧಿಕಪ್ರಸಂಗವೆಂದು ಬಲ್ಲೆ. ನಾನು ಮದ್ದು ಹೇಳುವುದಿಲ್ಲ. ತಿಳಿದವರಿಂದ ಕೇಳಿ ತಿಳಿದುದನ್ನು, ಕಣ್ಣಾರೆ ಕಂಡುದನ್ನು ಮಾತ್ರ ಹೇಳುತ್ತೇನೆ.

ಪಿತ್ತವೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ಒಳ್ಳೆಯ ಹೆಸರಿಲ್ಲ. ಸಿಟ್ಟು ಬಂದವನಿಗೆ ಪಿತ್ತ ಕೆರಳಿತು ಎನ್ನುತ್ತೇವೆ. ವಿವೇಕ ತಪ್ಪಿದವನಿಗೆ ಪಿತ್ತ ನೆತ್ತಿಗೇರಿತು ಎನ್ನುತ್ತೇವೆ. ಆದರೆ ವೈದ್ಯರು ತೋರಿಸುವ ಪಿತ್ತರಸ ಬಹು ಸಾಧುವಾದ, ಬಹು ಉಪಕಾರಿಯಾದ ವಸ್ತು. ಬಲಗಡೆಯ ಪಕ್ಕೆಲುಬುಗಳ ಅಡಿಯಲ್ಲಿ ಅಡಗಿರುವ ಯಕೃತ್ತು ಇದನ್ನು ಹಗಲಿರುಳೂ ತಯಾರಿಸುತ್ತದೆ. ಶಾಲೆಯ ಪುಸ್ತಕಗಳು ಯಕೃತ್ತನ್ನು ಪಿತ್ತಜನಕಾಂಗವೆಂದು ಕರೆಯುವುದು ಈ ಕಾರಣಕ್ಕೇ. ಬೆಳೆದ ಮನುಷ್ಯನ ದೇಹದಲ್ಲಿ ದಿನವೊಂದಕ್ಕೆ ಮುಕ್ಕಾಲು ಲೀಟರಿನ ಆಸುಪಾಸು ಪಿತ್ತರಸ ಹುಟ್ಟುತ್ತದೆ. ನಾವು ಉಂಡ ತುಪ್ಪ, ಎಣ್ಣೆ, ಕೊಬ್ಬರಿಗಳ ಜಿಡ್ಡನ್ನು ಕರಗಿಸಿ ಜೀರ್ಣಕ್ಕೆ ಒದಗಿಸುವುದು ಅದರ ಒಂದು ಕೆಲಸ. ಹಳೆಯದಾಗಿ ಒಡೆದ ರಕ್ತಕಣಗಳಿಂದ ಬರುವ ಹಳದಿಯ ಕಶ್ಮಲವನ್ನು ಹೊರಗೆ ಸಾಗಿಸುವುದು ಇನ್ನೊಂದು ಕೆಲಸ. ನಮ್ಮ ಮಲಕ್ಕೆ ಇರುವ ಹಳದಿ, ಕಂದು ಬಣ್ಣಗಳೆಲ್ಲ ಈ ಪಿತ್ತದಿಂದಲೇ ಬಂದವು.

ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕುಗಳವರಿಗೆ ಪಿತ್ತದ ಹಾದಿಯನ್ನು ವಿವರಿಸುವುದು ಕಷ್ಟವಲ್ಲ. ನಾವು ಕೆರೆಗಳ ನಾಡಿನವರು. ತಾಳಗುಂದದ ಸ್ತಂಭಶಾಸನವು ಕದಂಬ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ ಸಂಗತಿಯನ್ನು ಕುಬ್ಜನೆಂಬ ಕವಿಯ ಸಂಸ್ಕೃತ ಪದ್ಯಗಳಲ್ಲಿ ಹೇಳುತ್ತದೆ. ಅಂದಿನಿಂದ ಇಂದಿನವರೆಗೂ ಏರಿ, ತೂಬು, ಕೋಡಿ, ಕಾಲುವೆ ಎಂಬ ಮಾತುಗಳು ಇಲ್ಲಿನ ರೈತನ ಬಾಯಲ್ಲಿ ಬದುಕಿವೆ. ಯಕೃತ್ತು ಮಳೆ ಬೀಳುವ ಕಾಡು ಎಂದುಕೊಳ್ಳಿ. ಅದರೊಳಗಿನ ನೂರಾರು ಸಣ್ಣ ಹಳ್ಳಗಳು ಕೂಡಿಕೊಂಡು ಒಂದು ಕಾಲುವೆಯಾಗಿ ಹೊರಗೆ ಬರುತ್ತವೆ, ಅದು ಪಿತ್ತನಾಳ. ಕಾಲುವೆಯ ಪಕ್ಕಕ್ಕೆ ಒಂದು ಪುಟ್ಟ ಕೆರೆಯಿದೆ; ಅದು ಪಿತ್ತಕೋಶ. ಅದರ ಹಿಡಿತ ಎರಡು ಮೂರು ದೊಡ್ಡ ಚಮಚಗಳಿಗಿಂತ ಹೆಚ್ಚಿಲ್ಲ. ಕಾಲುವೆ ಕೊನೆಗೆ ಕರುಳನ್ನು ಸೇರುವ ಕಡೆ ಒಂದು ತೂಬು ಇದೆ. ರುಗ್ಗೆರೊ ಒಡ್ಡಿ ಎಂಬ ಇಟಲಿಯ ವಿದ್ಯಾರ್ಥಿ 1887ರಲ್ಲಿ ಅದನ್ನು ವಿವರವಾಗಿ ಪರೀಕ್ಷಿಸಿದುದರಿಂದ ವೈದ್ಯರು ಅದಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಹೊಟ್ಟೆ ಬರಿದಾಗಿರುವಾಗ ತೂಬು ಮುಚ್ಚಿರುತ್ತದೆ. ಪಿತ್ತ ಹಿಮ್ಮರಳಿ ಕೆರೆಯಲ್ಲಿ ತುಂಬುತ್ತದೆ, ನೀರಿನಂಶ ಇಂಗಿ ಗಟ್ಟಿಯಾಗುತ್ತದೆ. ಜಿಡ್ಡಿನ ಊಟ ಕರುಳಿಗೆ ಇಳಿದೊಡನೆ ಕೆರೆ ತಾನೇ ಮೈ ಹಿಂಡಿಕೊಳ್ಳುತ್ತದೆ, ತೂಬು ತೆರೆಯುತ್ತದೆ. ನಮ್ಮ ಯಾವ ನೀರಗಂಟಿಯೂ ಇಷ್ಟು ಹೊತ್ತಿಗೆ ಸರಿಯಾಗಿ ತೂಬು ಎತ್ತಿದ್ದನ್ನು ನಾನು ಕಂಡಿಲ್ಲ.

ಕಾಲುವೆ ಎಲ್ಲಿಯಾದರೂ ಕಟ್ಟಿಕೊಂಡರೆ ಏನಾಗುತ್ತದೆ? ಹರಿಯಬೇಕಾದ ನೀರು ಹಿಂದಕ್ಕೆ ಒತ್ತುತ್ತದೆ. ಕರುಳಿಗೆ ಹೋಗಬೇಕಾಗಿದ್ದ ಹಳದಿ ರಕ್ತಕ್ಕೆ ಸೇರಿ ಕಣ್ಣಿಗೆ, ಮೈಗೆ, ಮೂತ್ರಕ್ಕೆ ಬರುತ್ತದೆ. ಅದು ತಲುಪದ ಕರುಳಿನಲ್ಲಿ ಮಲ ಬಣ್ಣಗೆಟ್ಟು ಬಿಳಿಚಿಕೊಳ್ಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹಳದಿ ಎಲ್ಲ ಬಗೆಯ ಕಾಮಾಲೆಗೂ ಸಮಾನ; ಯಕೃತ್ತು ತಾನೇ ಬೇನೆ ಬಿದ್ದರೂ ಹಳದಿ, ರಕ್ತಕಣ ಮಿತಿಮೀರಿ ಒಡೆದರೂ ಹಳದಿ, ಹಾದಿ ಕಟ್ಟಿದರೂ ಹಳದಿ. ಹಾದಿ ಕಟ್ಟಿರಬಹುದೆಂದು ಹೊರಗಿನವರಿಗೆ ಸಾರಿ ಹೇಳುವುದು ಆ ಬಿಳಿ. ಈ ಮಾತು ಹೊಸದೇನೂ ಅಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಪಾಂಡುರೋಗವನ್ನು ಹೇಳುವ ಅಧ್ಯಾಯದಲ್ಲಿ, ಅರೆದ ಎಳ್ಳಿನ ಬಣ್ಣದ ಮಲ ಹೋಗುವ ಕಾಮಾಲೆಯನ್ನು ಬೇರೆಯಾಗಿ ಗುರುತಿಸಿ, ಅಲ್ಲಿ ಪಿತ್ತದ ಮಾರ್ಗವೇ ತಡೆಗೊಂಡಿದೆಯೆಂದು ಹೇಳಿದೆ. ಗಾಮಾ ಕಿರಣವಿಲ್ಲದೆ, ಸೂಕ್ಷ್ಮದರ್ಶಕವಿಲ್ಲದೆ, ಬರಿಯ ಕಣ್ಣಿನ ನಿಷ್ಠೆಯಿಂದ ಕಂಡುಕೊಂಡ ಸತ್ಯವಿದು. ಆದರೆ ಹಾದಿ ಕಟ್ಟಿದೆಯೆಂದು ಊಹಿಸುವುದು ಬೇರೆ, ನಿಜವಾಗಿ ಕಟ್ಟಿದೆಯೇ ಎಂದು ನೋಡುವುದು ಬೇರೆ. ಬದುಕಿರುವ ಮನುಷ್ಯನ ಹೊಟ್ಟೆಯೊಳಗೆ ಹರಿಯುವ ಪಿತ್ತವನ್ನು ನೋಡುವುದು ಹೇಗೆ?

ಗದ್ದೆಯಲ್ಲಿ ಇದಕ್ಕೊಂದು ಉಪಾಯವಿದೆ. ತುಂಬಿದ ಗದ್ದೆಯ ನೀರು ಎಲ್ಲಿ ಸೋರುತ್ತಿದೆಯೆಂದು ತಿಳಿಯದಾಗ ರೈತ ಒಂದು ಹಿಡಿ ಹೊಟ್ಟನ್ನು ನೀರಿನ ಮೇಲೆ ಚೆಲ್ಲಿ ಸುಮ್ಮನೆ ನಿಂತು ನೋಡುತ್ತಾನೆ. ಹೊಟ್ಟು ಮೆಲ್ಲಗೆ ಸರಿದು ಬದುವಿನ ಯಾವುದೋ ಏಡಿಬಿಲದ ಬಾಯಿಗೆ ಹೋಗಿ ಸುತ್ತತೊಡಗುತ್ತದೆ. ನೀರಿಗೆ ಕಾಣದ ಹಾದಿಯನ್ನು ಹೊಟ್ಟು ತೋರಿಸಿಕೊಡುತ್ತದೆ. ಪಿತ್ತಕ್ಕೂ ಅಂಥ ಒಂದು ಹಿಡಿ ಹೊಟ್ಟು ಬೇಕಾಗಿತ್ತು. ಅದನ್ನು ಹುಡುಕುವುದರಲ್ಲಿ ವಿಜ್ಞಾನ ಅರ್ಧ ಶತಮಾನ ಕಳೆಯಿತು.

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣಕ್ಕೆ ಎಲುಬು ಕಾಣುತ್ತಿತ್ತು, ಪಿತ್ತ ಕಾಣುತ್ತಿರಲಿಲ್ಲ. 1924ರಲ್ಲಿ ಅಮೆರಿಕದ ಗ್ರಹಾಂ ಮತ್ತು ಕೋಲ್ ಎಂಬ ವೈದ್ಯರು ಯಕೃತ್ತು ಹೀರಿಕೊಂಡು ಪಿತ್ತದೊಡನೆ ಹೊರಹಾಕುವ ಒಂದು ರಾಸಾಯನಿಕವನ್ನು ದೇಹಕ್ಕೆ ಸೇರಿಸಿ, ಪಿತ್ತಕೋಶದ ನೆರಳನ್ನು ಮೊದಲ ಬಾರಿಗೆ ಕ್ಷ-ಕಿರಣದ ಚಿತ್ರದಲ್ಲಿ ಮೂಡಿಸಿದರು. 1950ರ ದಶಕದಲ್ಲಿ ಗುಲಾಬಿ ಬಣ್ಣದ ರೋಸ್ ಬೆಂಗಾಲ್ ಎಂಬ ರಂಗಿಗೆ ವಿಕಿರಣಶೀಲ ಅಯೋಡಿನನ್ನು ಕಟ್ಟಿ, ದೇಹದ ಹೊರಗಿನಿಂದ ಅದರ ಕಿರಣವನ್ನು ಅಳೆಯುವ ಪ್ರಯೋಗಗಳು ನಡೆದವು. ದಾರಿ ಸರಿಯಾಗಿತ್ತು, ಆದರೆ ಆ ಅಯೋಡಿನಿನ ಅರ್ಧಾಯುಷ್ಯ ಎಂಟು ದಿನ. ಒಂದು ಗಂಟೆಯ ಕೆಲಸಕ್ಕೆ ಕರೆದ ಅತಿಥಿ ವಾರಗಟ್ಟಲೆ ಮನೆಯಲ್ಲಿ ಉಳಿದಂತೆ ಆಗುತ್ತಿತ್ತು.

ಕೆಲಸ ಮುಗಿಸಿ ಬೇಗ ಹೊರಟುಹೋಗುವ ಅತಿಥಿ ಸಿಕ್ಕಿದ್ದು ಟೆಕ್ನೀಷಿಯಮ್ ಎಂಬ ಧಾತುವಿನಲ್ಲಿ. ಮೆಂಡಲೀಫನು ಧಾತುಗಳ ಪಟ್ಟಿ ಮಾಡುವಾಗ ತೆರವು ಬಿಟ್ಟಿದ್ದ ಸ್ಥಾನಗಳಲ್ಲಿ 43ನೆಯದೂ ಒಂದು. 1937ರಲ್ಲಿ ಇಟಲಿಯ ಪಲೆರ್ಮೋ ನಗರದಲ್ಲಿ ಪೆರ್ರಿಯೆ ಮತ್ತು ಸೆಗ್ರೆ ಎಂಬವರು ಅದನ್ನು ಕಂಡುಕೊಂಡರು. ಮನುಷ್ಯನು ಕೃತಕವಾಗಿ ಪಡೆದ ಮೊದಲ ಧಾತು ಇದಾದುದರಿಂದ ಕೃತಕ ಎಂಬ ಅರ್ಥದ ಗ್ರೀಕ್ ಮಾತಿನಿಂದಲೇ ಇದಕ್ಕೆ ಹೆಸರು ಬಂತು. ಇದರ ಒಂದು ರೂಪದ ಅರ್ಧಾಯುಷ್ಯ ಆರೇ ಗಂಟೆ. ಎಂದರೆ ಬೆಳಿಗ್ಗೆ ಆರು ಗಂಟೆಗೆ ಒಂದು ಪಾಲು ಇದ್ದದ್ದು ಮಧ್ಯಾಹ್ನಕ್ಕೆ ಅರ್ಧ, ಸಂಜೆಗೆ ಕಾಲು, ಮರುದಿನ ಬೆಳಿಗ್ಗೆಗೆ ಹದಿನಾರರಲ್ಲಿ ಒಂದು ಪಾಲು. ಇಷ್ಟು ಅಲ್ಪಾಯುಷಿಯನ್ನು ದೂರದ ಊರಿನಿಂದ ತರಿಸಿ ಕಪಾಟಿನಲ್ಲಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ಅದಕ್ಕೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು 1950ರ ದಶಕದ ಕೊನೆಯಲ್ಲಿ ಒಂದು ಜಾಣತನ ಮಾಡಿದರು. ಟೆಕ್ನೀಷಿಯಮ್ಮಿಗೆ ಜನ್ಮ ಕೊಡುವ ಮಾಲಿಬ್ಡಿನಮ್ಮಿನ ಅರ್ಧಾಯುಷ್ಯ 66 ಗಂಟೆ. ಆ ತಾಯಿಯನ್ನು ಸೀಸದ ಕವಚದ ಪಾತ್ರೆಯಲ್ಲಿಟ್ಟು ಆಸ್ಪತ್ರೆಗೆ ಕಳಿಸಿದರೆ, ಅಲ್ಲಿನವರು ಪ್ರತಿ ಬೆಳಿಗ್ಗೆ ಉಪ್ಪುನೀರು ಹಾಯಿಸಿ ಹೊಸದಾಗಿ ಹುಟ್ಟಿದ ಟೆಕ್ನೀಷಿಯಮ್ಮನ್ನು ಇಳಿಸಿಕೊಳ್ಳಬಹುದು. ಲೋಕದ ಎಲ್ಲ ಕಡೆಯ ಅಣುವೈದ್ಯರೂ ಈ ಪಾತ್ರೆಯನ್ನು ಹಸುವೆಂದು, ಈ ಕ್ರಿಯೆಯನ್ನು ಹಾಲು ಕರೆಯುವುದೆಂದು ಕರೆಯುತ್ತಾರೆಂದು ತಿಳಿದಾಗ ನನಗೆ ಸಂತೋಷವಾಯಿತು. ಎಂಥ ಹೊಸ ವಿದ್ಯೆಗೂ ಮಾತು ಬೇಕಾದಾಗ ಮನುಷ್ಯ ಕೊಟ್ಟಿಗೆಗೇ ಬರುತ್ತಾನೆ. ನಮ್ಮ ದೇಶದಲ್ಲಿ ಈ ಹಸುವನ್ನೂ ಅದಕ್ಕೆ ಬೇಕಾದ ಪರಿಕರಗಳನ್ನೂ ಪರಮಾಣು ಶಕ್ತಿ ಇಲಾಖೆಗೆ ಸೇರಿದ ಮುಂಬಯಿಯ ಸಂಸ್ಥೆಯೊಂದು ಒದಗಿಸುತ್ತದೆ. ಅಣುವೈದ್ಯದ ಚಿಕಿತ್ಸಾಕೇಂದ್ರ ಮುಂಬಯಿಯಲ್ಲಿ 1963ರಲ್ಲಿಯೇ ಸ್ಥಾಪಿತವಾಯಿತು.

ಟೆಕ್ನೀಷಿಯಮ್ ತಾನಾಗಿ ಪಿತ್ತದ ಹಾದಿ ಹಿಡಿಯುವುದಿಲ್ಲ. ಅದನ್ನು ಕೈಹಿಡಿದು ಕರೆದೊಯ್ಯುವ ವಾಹಕ ಬೇಕು. ಅದು ದೊರೆತ ಕಥೆಯೂ ಸ್ವಾರಸ್ಯವಾಗಿದೆ. ಹಲ್ಲು ಕೀಳುವಾಗ ಒಸಡಿಗೆ ಚುಚ್ಚುವ ಮರವಿನ ಮದ್ದನ್ನು ನೀವು ಬಲ್ಲಿರಿ. ಅದೇ ಜಾತಿಯ ಒಂದು ವಸ್ತುವಿಗೆ ಟೆಕ್ನೀಷಿಯಮ್ಮನ್ನು ಕಟ್ಟಿದರೆ ಹೃದಯದ ಚಿತ್ರ ಸಿಗಬಹುದೆಂದು ಅಮೆರಿಕದ ಲೋಬರ್ಗ್ ಮತ್ತು ಸಂಗಡಿಗರು ಆಶಿಸಿದರು. ವಸ್ತು ಹೃದಯದಲ್ಲಿ ನಿಲ್ಲಲಿಲ್ಲ. ಯಕೃತ್ತಿಗೆ ಹೋಗಿ ಪಿತ್ತದೊಡನೆ ಕರುಳಿಗೆ ಇಳಿಯಿತು. ಹೃದಯವನ್ನು ಹುಡುಕಿ ಹೊರಟವರಿಗೆ ಪಿತ್ತ ಸಿಕ್ಕಿತು. 1976ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂದು ಬಳಕೆಯಲ್ಲಿರುವ ವಾಹಕಗಳು ಇದರ ಸುಧಾರಿಸಿದ ಸಂತಾನ. ಆ ಮೊದಲ ವಸ್ತುವಿನ ಹೆಸರೇ ಉಳಿದು, ಈ ಪರೀಕ್ಷೆಯನ್ನು ಇಂದಿಗೂ ಹೈಡಾ ಸ್ಕ್ಯಾನ್ ಎನ್ನುತ್ತಾರೆ.

ಪರೀಕ್ಷೆ ನಡೆಯುವ ಬಗೆ ಸರಳ. ರೋಗಿ ನಾಲ್ಕು ಗಂಟೆಯಷ್ಟು ಕಾಲ ಏನೂ ತಿಂದಿರಬಾರದು. ಹಾಗೆಂದು ದಿನಗಟ್ಟಲೆ ಉಪವಾಸವಿದ್ದರೂ ಕೆಡುಕು, ತುಂಬಿ ನಿಂತ ಕೆರೆಗೆ ಹೊಸ ನೀರು ಹೋಗದು. ತೋಳಿನ ರಕ್ತನಾಳಕ್ಕೆ ಒಂದು ಚುಚ್ಚುಮದ್ದು. ಮೇಲೆ ಗಾಮಾ ಕ್ಯಾಮರಾ ಎಂಬ ಅಗಲವಾದ ಫಲಕ. ಇದು ತಾನು ಕಿರಣ ಬಿಡುವುದಿಲ್ಲ. ದೇಹದೊಳಗಿಂದ ಬರುವ ಕಿರಣವನ್ನು ಬರಮಾಡಿಕೊಂಡು ನಿಮಿಷ ನಿಮಿಷಕ್ಕೂ ಚಿತ್ರ ಮಾಡುತ್ತದೆ. ಕೆಲವೇ ನಿಮಿಷಗಳಲ್ಲಿ ಯಕೃತ್ತು ತುಂಬಿಕೊಳ್ಳುತ್ತದೆ, ಆಮೇಲೆ ಕಾಲುವೆ ಗೆರೆಯಾಗಿ ಮೂಡುತ್ತದೆ, ಒಂದು ಗಂಟೆಯೊಳಗೆ ಸಾಮಾನ್ಯವಾಗಿ ಪಿತ್ತಕೋಶವೂ ಕರುಳೂ ಕಾಣುತ್ತವೆ. ಶ್ರವಣಾತೀತ ಧ್ವನಿಯ ಸ್ಕ್ಯಾನಿಂಗ್ ಈಗ ಸಣ್ಣ ಊರುಗಳಿಗೂ ಬಂದಿದೆ. ಕಲ್ಲು ಇದೆಯೇ, ಗೋಡೆ ಊದಿದೆಯೇ ಎಂದು ಮೊದಲು ಹೇಳಬೇಕಾದುದು ಅದೇ. ಅದು ಆಕಾರವನ್ನು ತೋರಿಸುತ್ತದೆ, ಇದು ಹರಿವನ್ನು ತೋರಿಸುತ್ತದೆ. ಕೆರೆಯ ನಕಾಶೆ ನೋಡಿದವನಿಗೆ ತೂಬು ಎತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲವಷ್ಟೆ.

ಹೊಟ್ಟೆಯ ಬಲಮಗ್ಗುಲಲ್ಲಿ ತೀವ್ರ ನೋವು, ಜ್ವರಗಳಿಂದ ಬಂದವರಲ್ಲಿ ನಾಲ್ಕು ಗಂಟೆ ಕಾದರೂ ಪಿತ್ತಕೋಶ ಕಾಣದೆ ಕರುಳು ಮಾತ್ರ ಕಂಡರೆ, ಕೆರೆಯ ಬಾಯಿ ಕಟ್ಟಿ ಪಿತ್ತಕೋಶ ಉರಿಗೊಂಡಿದೆಯೆಂದು ವೈದ್ಯರು ಬಹುಮಟ್ಟಿಗೆ ನಿಶ್ಚಯಿಸುತ್ತಾರೆ. ಪಿತ್ತಕೋಶವನ್ನು ತೆಗೆದ ಶಸ್ತ್ರಕ್ರಿಯೆಯ ಬಳಿಕ ಎಲ್ಲಿಯಾದರೂ ಪಿತ್ತ ಸೋರುತ್ತಿದ್ದರೆ, ಹಾದಿ ಬಿಟ್ಟು ಹರಡುವ ಗುರುತು ಆ ಏಡಿಬಿಲವನ್ನೂ ತೋರಿಸುತ್ತದೆ.

ಅಣು ಎಂದೊಡನೆ ನಮ್ಮ ಕಡೆಯವರು ಬೆಚ್ಚುವುದಕ್ಕೆ ಕಾರಣವಿದೆ. ಪಕ್ಕದ ಜಿಲ್ಲೆಯ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬರುವಾಗ ನಡೆದ ಚಳವಳಿಯನ್ನು ನಮ್ಮ ತಲೆಮಾರು ಮರೆತಿಲ್ಲ. ಶಿವರಾಮ ಕಾರಂತರು ಅದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು 1989ರ ಲೋಕಸಭಾ ಚುನಾವಣೆಗೂ ನಿಂತರು. ಸ್ಥಾವರದ ಪ್ರಶ್ನೆ ಬೇರೆ, ಈ ಪರೀಕ್ಷೆಯ ಪ್ರಶ್ನೆ ಬೇರೆ. ಮನುಷ್ಯನು ಮಣ್ಣಿನಿಂದ, ಆಕಾಶದಿಂದ, ತಿನ್ನುವ ಅನ್ನದಿಂದ ವರ್ಷವೊಂದಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣವನ್ನು ಸಹಜವಾಗಿಯೇ ಪಡೆಯುತ್ತಾನೆ. ಬೆಳೆದವರಿಗೆ ಈ ಪರೀಕ್ಷೆಯಿಂದ ತಗಲುವುದು ಸುಮಾರು 3 ಮಿಲಿಸೀವರ್ಟ್. ಅಲಕ್ಷ್ಯ ಮಾಡುವಂಥದಲ್ಲ, ಅಂಜಿ ಓಡುವಂಥದೂ ಅಲ್ಲ. ಬಸುರಿಯರೂ ಮೊಲೆಯೂಡಿಸುವ ತಾಯಂದಿರೂ ಈ ಪರೀಕ್ಷೆ ಮಾಡಿಸಿಕೊಳ್ಳಬೇಕಾದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಇನ್ನು ನಮ್ಮ ಮನೆಯ ಸಂಗತಿ. ಕೆಲವು ವರ್ಷಗಳ ಹಿಂದೆ ಸೊರಬ ತಾಲ್ಲೂಕಿನಲ್ಲಿರುವ ನನ್ನ ತಂಗಿಯ ಮನೆಗೆ ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು, ತೂಕ ಸರಿಯಾಗಿತ್ತು, ಹಾಲು ಕುಡಿಯುತ್ತಿತ್ತು, ನಗುತ್ತಿತ್ತು. ಹುಟ್ಟಿದ ಮೂರನೆಯ ದಿನ ಬಂದ ಹಳದಿ ಮಾತ್ರ ಇಳಿಯಲಿಲ್ಲ. ಎಳೆ ಕೂಸುಗಳಿಗೆ ಇದು ಸಹಜ, ಎಳೆ ಬಿಸಿಲಿಗೆ ಹಿಡಿಯಿರಿ ಎಂದರು ಹಿರಿಯರು. ತೋರಿಸಿದ ವೈದ್ಯರೊಬ್ಬರೂ, ಹೋಗುತ್ತದೆ, ಗಾಬರಿ ಬೇಡ ಎಂದು ಕಳಿಸಿದರು. ಮೊದಲ ಎರಡು ವಾರಗಳಲ್ಲಿ ಅನೇಕ ಶಿಶುಗಳಿಗೆ ಹಳದಿ ಬಂದು ತಾನಾಗಿ ಹೋಗುವುದು ನಿಜವೇ. ಆದರೆ ತಿಂಗಳು ಕಳೆದರೂ ನಮ್ಮ ಕೂಸಿನ ಕಣ್ಣು ಅರಿಸಿನದಲ್ಲಿ ಅದ್ದಿದಂತೆ ಇತ್ತು. ತಂಗಿ ಕೂಸನ್ನು ಎತ್ತಿಕೊಂಡು ಶಿಕಾರಿಪುರದ ಕಡೆಯ ಒಬ್ಬ ನಾಟಿ ವೈದ್ಯರ ಮನೆಗೆ ಹೋದಳು. ನಾನೂ ಜೊತೆಗಿದ್ದೆ.

ಆ ಮುದುಕರು ಮದ್ದಿನ ಬಟ್ಟಲನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಅವ್ವಾ, ಕೂಸು ಕಕ್ಕ ಮಾಡಿದ ಬಟ್ಟೆ ಇದ್ದರೆ ತೋರಿಸು" ಎಂದರು. ತಂಗಿ ನಾಚಿಕೊಂಡು ಚೀಲದಿಂದ ಬಟ್ಟೆ ತೆಗೆದಳು. ಮುದುಕರು ಅದನ್ನು ಜಗಲಿಯ ಬೆಳಕಿಗೆ ಒಯ್ದು ನೋಡಿದರು. ಅದು ಸುಣ್ಣ ಬೆರೆಸಿದ ಜೇಡಿಯಂತೆ ಬೆಳ್ಳಗಿತ್ತು. "ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಎಲ್ಲರೂ ಕೂಸಿನ ಕಣ್ಣು ನೋಡಿದ್ದೆವು, ಮೈ ನೋಡಿದ್ದೆವು. ದಿನಕ್ಕೆ ಹತ್ತು ಬಾರಿ ತೊಳೆಯುತ್ತಿದ್ದ ಬಟ್ಟೆಯನ್ನು ನೋಡಿರಲಿಲ್ಲ. "ಇದಕ್ಕೆ ನನ್ನಲ್ಲಿ ಮದ್ದಿಲ್ಲ. ಹೊಟ್ಟೆಯ ಒಳಗೆ ಹಾದಿ ಮುಚ್ಚಿದ ಹಾಗಿದೆ. ಇವತ್ತೇ ದೊಡ್ಡ ಆಸ್ಪತ್ರೆಗೆ ಹೊರಡಿ" ಎಂದರು. ಕಾಣಿಕೆಯನ್ನೂ ಮುಟ್ಟಲಿಲ್ಲ. ಅವರು ಚರಕನನ್ನು ಓದಿದ್ದರೋ ಇಲ್ಲವೋ ನಾನರಿಯೆ. ತನ್ನ ವಿದ್ಯೆಯ ಮೇರೆಯನ್ನು ಬಲ್ಲವನೇ ವೈದ್ಯನೆಂಬುದನ್ನು ಅಂದು ಆ ಜಗಲಿಯಲ್ಲಿ ಕಲಿತೆ. ಕಾಮಾಲೆಯ ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕುವ ಕೈಗಳೂ ನಮ್ಮ ನಾಡಿನಲ್ಲಿ ಇವೆ ಎಂಬುದನ್ನು ನೆನೆದರೆ ಅವರ ದೊಡ್ಡತನ ಇನ್ನೂ ಎದ್ದು ಕಾಣುತ್ತದೆ.

ಘಟ್ಟವಿಳಿದು ಕರಾವಳಿಯ ಆಸ್ಪತ್ರೆಯೊಂದನ್ನು ಸೇರಿದಾಗ ಕೂಸಿಗೆ ಮೂವತ್ತೊಂಬತ್ತು ದಿನ. ಅಲ್ಲಿನ ಮಕ್ಕಳ ತಜ್ಞೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಹತ್ತು ಹದಿನೈದು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟಿದ ಹೊಸದರಲ್ಲಿಯೇ ಪಿತ್ತನಾಳ ಉರಿದು ಮುಚ್ಚಿಹೋಗುತ್ತದೆ. ಹಾಗೆಯೇ ಬಿಟ್ಟರೆ ಹಿಂದಕ್ಕೊತ್ತಿದ ಪಿತ್ತ ಯಕೃತ್ತನ್ನೇ ಕೆಡಿಸಿ, ಎರಡು ವರ್ಷದೊಳಗೆ ಜೀವಕ್ಕೇ ಸಂಚಕಾರ ತರುತ್ತದೆ. ಮಾಡಬೇಕಾದ ಶಸ್ತ್ರಕ್ರಿಯೆಯನ್ನು ಅರುವತ್ತು ದಿನಗಳ ಒಳಗೆ ಮಾಡಿದರೆ ಫಲದ ಸಂಭವ ಹೆಚ್ಚು. ದಿನ ಹೋದಷ್ಟೂ ಕಡಮೆ. ಆದರೆ ಯಕೃತ್ತಿನ ಬೇರೆ ಬೇನೆಗಳೂ ಇದೇ ವೇಷದಲ್ಲಿ ಬರುತ್ತವೆ. ಅವಕ್ಕೆ ಶಸ್ತ್ರ ಬೇಡ. ಯಾವುದೆಂದು ತಿಳಿಯಬೇಕು, ತಿಳಿಯುವುದಕ್ಕೆ ಬಹಳ ಸಮಯವೂ ಇಲ್ಲ. ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುವ ಔಷಧಿಯನ್ನು ಐದು ದಿನ ಕೊಟ್ಟು ಆಮೇಲೆ ಹೈಡಾ ಸ್ಕ್ಯಾನ್ ಮಾಡಿದರು.

ಅಂದು ಬೆಳಿಗ್ಗೆ ಆ ತಂಪಾದ ಕೋಣೆಯಲ್ಲಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು. ಗಾಜಿನ ಆಚೆಯ ಪರದೆಯಲ್ಲಿ ಯಕೃತ್ತು ಒಂದು ಪುಟ್ಟ ಮೋಡದಂತೆ ಮೂಡಿತು. ಅದರ ಕೆಳಗೆ ಒಂದು ಚುಕ್ಕೆ ಇಳಿಯಬೇಕು, ಅಷ್ಟೇ; ಒಂದು ಚುಕ್ಕೆ ಕರುಳಿನಲ್ಲಿ ಕಂಡರೆ ಹಾದಿ ತೆರೆದಿದೆ, ಈ ಭಯದ ಕಾಯಿಲೆ ಇಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ಗಂಟೆ ಕಳೆಯಿತು, ಚುಕ್ಕೆ ಇಳಿಯಲಿಲ್ಲ. ನಾಲ್ಕು ಗಂಟೆಗೆ ಮತ್ತೆ ನೋಡಿದರು. ಸಂಜೆ ನೋಡಿದರು. ಮರುದಿನ ಬೆಳಿಗ್ಗೆ, ಇಪ್ಪತ್ತನಾಲ್ಕು ಗಂಟೆಯ ಚಿತ್ರ ತೆಗೆದರು. ಕರುಳಿನ ಜಾಗದಲ್ಲಿ ಬರಿಯ ಕತ್ತಲೆ. ಜೀವಮಾನವೆಲ್ಲ ಪುಟಗಳ ಮೇಲೆ ಮೂಡಿದ ಅಕ್ಷರಗಳನ್ನು ಓದಿದವನು ನಾನು. ಮೂಡದೆ ಹೋದ ಒಂದು ಚುಕ್ಕೆಯನ್ನು ಓದುವುದು ಎಷ್ಟು ಕಠಿಣವೆಂದು ಅಂದು ತಿಳಿದೆ.

ಚುಕ್ಕೆ ಕಾಣದ ಮಾತ್ರಕ್ಕೆ ಕಾಯಿಲೆ ಸಿದ್ಧವಾದಂತಲ್ಲ ಎಂದು ವೈದ್ಯರು ಎಚ್ಚರಿಸಿದರು. ಯಕೃತ್ತು ಬಹಳ ಬಳಲಿದ್ದರೂ ಹೀಗೆ ಆಗಬಹುದು. ಇಲ್ಲವೆಂದು ಹೇಳುವುದರಲ್ಲಿ ಈ ಪರೀಕ್ಷೆ ಗಟ್ಟಿ. ಇದೆಯೆಂದು ಹೇಳುವುದಕ್ಕೆ ಬೇರೆ ಸಾಕ್ಷಿಗಳೂ ಬೇಕು. ಯಕೃತ್ತಿನ ಚೂರನ್ನು ತೆಗೆದು ನೋಡಿದರು. ಶಸ್ತ್ರಕ್ರಿಯೆಯ ಮೇಜಿನ ಮೇಲೆ ನಾಳಕ್ಕೆ ಬಣ್ಣ ಹಾಯಿಸಿ ಕೊನೆಯ ನಿಶ್ಚಯ ಮಾಡಿಕೊಂಡರು. ಶಸ್ತ್ರಕ್ರಿಯೆಗೆ ಮುನ್ನ ನಡೆದ ಒಂದು ಮಾತು ಈಗ ನಗು ತರಿಸುತ್ತದೆ. ಈ ಚಿಕಿತ್ಸೆಯನ್ನು 1950ರ ದಶಕದಲ್ಲಿ ರೂಪಿಸಿದವರು ಜಪಾನಿನ ಮೊರಿಯೊ ಕಸಾಯ್. ಅವರ ಹೆಸರಿನಿಂದಲೇ ಅದು ಪ್ರಸಿದ್ಧ. ದಾದಿಯೊಬ್ಬಳು "ಕಸಾಯ್ ಆಪರೇಷನ್ನು ನಾಳೆ" ಎಂದಾಗ ನನ್ನ ತಂಗಿ ಕೂಸನ್ನು ಎದೆಗವಚಿಕೊಂಡು, "ಅಣ್ಣಯ್ಯ, ಕಸಾಯಿಯ ಕೈಗೆ ಕೂಸನ್ನು ಹೇಗೆ ಕೊಡಲಿ?" ಎಂದು ಅತ್ತುಬಿಟ್ಟಳು. ಅದು ಜಪಾನಿನ ಒಬ್ಬ ಪುಣ್ಯಾತ್ಮನ ಹೆಸರೆಂದು ತಿಳಿಸಿ ಹೇಳುವುದು ನನ್ನ ಪಾಲಿನ ಭಾಷಾಸೇವೆಯಾಯಿತು.

ಐವತ್ತಮೂರನೆಯ ದಿನ ಶಸ್ತ್ರಕ್ರಿಯೆ ನಡೆಯಿತು. ಮುಚ್ಚಿದ ಕಾಲುವೆಯನ್ನು ತೆಗೆದು, ಕೂಸಿನದೇ ಕರುಳಿನ ಒಂದು ತುಂಡನ್ನು ಯಕೃತ್ತಿನ ಬಾಯಿಗೆ ಜೋಡಿಸಿ ಹೊಸ ಕಾಲುವೆ ಮಾಡಿದರು. ಕೆಲವು ದಿನಗಳ ಮೇಲೆ ಒಂದು ಬೆಳಗಿನ ಜಾವ ತಂಗಿ ಆಸ್ಪತ್ರೆಯ ಓಣಿಯಲ್ಲಿ ಓಡುತ್ತ ಬಂದಳು. ಕೈಯಲ್ಲಿ ಕೂಸಿನ ಬಟ್ಟೆ; ಅದರಲ್ಲಿ ಹಸಿರು ಬೆರೆತ ಹಳದಿ. ಬಟ್ಟೆಯನ್ನು ನೋಡಿ ಮನೆಯವರೆಲ್ಲ ಕಣ್ಣೊರಸಿಕೊಂಡರು. ಮಗು ಈಗ ಅಂಗನವಾಡಿಗೆ ಹೋಗುತ್ತದೆ, ಹಾಡು ಹೇಳುತ್ತದೆ. ಕಥೆ ಮುಗಿಯಿತೆಂದು ಹೇಳುವಂತಿಲ್ಲ. ಈ ಶಸ್ತ್ರಕ್ರಿಯೆಯಾದ ಅನೇಕ ಮಕ್ಕಳಿಗೆ ಮುಂದೆ ಯಕೃತ್ತಿನ ಕಸಿ ಬೇಕಾಗುತ್ತದೆ. ವರ್ಷಕ್ಕೆ ಎರಡು ಬಾರಿ ಘಟ್ಟವಿಳಿದು ತೋರಿಸಿಕೊಂಡು ಬರುತ್ತಾರೆ. ಪ್ರತಿ ಬಾರಿಯೂ ಮನೆಯಲ್ಲಿ ಎರಡು ದಿನ ಯಾರಿಗೂ ಊಟ ಸೇರುವುದಿಲ್ಲ.

ಆರು ಗಂಟೆಯ ಆಯುಷ್ಯದ ಆ ಧಾತುವನ್ನೂ, ಗಾಮಾ ಕ್ಯಾಮರಾವನ್ನೂ, ಅದನ್ನು ಓದಬಲ್ಲವರನ್ನೂ ಸೊರಬದಂಥ ಪ್ರತಿ ಊರಿನಲ್ಲಿ ಇಡುವುದು ಸುಲಭವಲ್ಲ. ಪ್ರತಿ ಊರಿನಲ್ಲಿ ಇಡಬಹುದಾದುದು ಒಂದು ಉಂಟು, ಅದು ನೋಡುವ ಕಣ್ಣು. ತೈವಾನ್ ದೇಶದಲ್ಲಿ ಮಲದ ಬಣ್ಣಗಳನ್ನು ಅಚ್ಚು ಮಾಡಿದ ಒಂದು ಚೀಟಿಯನ್ನು ಪ್ರತಿ ಬಾಣಂತಿಗೂ ಕೊಡುವ ಏರ್ಪಾಟು 2004ರಿಂದ ದೇಶವ್ಯಾಪಿಯಾಗಿದೆ. ತಾಯಿ ಬಟ್ಟೆಯ ಬಣ್ಣವನ್ನು ಚೀಟಿಯೊಡನೆ ಹೋಲಿಸಿ, ಬಿಳಿಚಿದ್ದರೆ ಕೂಡಲೇ ತಿಳಿಸುತ್ತಾಳೆ. ಇದರಿಂದ ಅಲ್ಲಿ ಹೆಚ್ಚು ಶಿಶುಗಳು ಅರುವತ್ತು ದಿನಗಳ ಒಳಗೆ ಶಸ್ತ್ರವೈದ್ಯರ ಬಳಿ ತಲುಪುವಂತಾಯಿತು. ಗಾಮಾ ಕ್ಯಾಮರಾದ ಬೆಲೆಯೆಲ್ಲಿ, ಆ ಚೀಟಿಯ ಬೆಲೆಯೆಲ್ಲಿ! ಆದರೆ ಚೀಟಿ ಇಲ್ಲದೆ ಕ್ಯಾಮರಾಕ್ಕೆ ಕೆಲಸವಿಲ್ಲ. ಹೊತ್ತು ಮೀರಿ ಬಂದ ಕೂಸಿಗೆ ಅದು ಹಾದಿ ಮುಚ್ಚಿದ ಸುದ್ದಿಯನ್ನು ಹೇಳೀತೇ ಹೊರತು, ಕಳೆದ ದಿನಗಳನ್ನು ಹಿಂದಕ್ಕೆ ತಂದುಕೊಡಲಾರದು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರನ ಗುಡಿಯನ್ನು ನೋಡಿದವರು ಅಲ್ಲಿದ್ದ ಕೋಡಿಯ ಮಠದ ಹೆಸರನ್ನು ಕೇಳಿರುತ್ತೀರಿ. ಕೆರೆಯ ಕೋಡಿಯ ನೆರೆಯಲ್ಲಿದ್ದ ಮಠವದು. ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠದಲ್ಲಿ ವೇದ ವ್ಯಾಕರಣಗಳ ಪಾಠ ನಡೆಯುತ್ತಿದ್ದುದನ್ನು ಹೇಳಿ, ದೀನರಿಗೆ ಅನಾಥರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದೂ ಹೇಳುತ್ತದೆ. ವ್ಯಾಕರಣದ ಪಾಠ ಹೇಳುವವರೂ ಮದ್ದು ಅರೆಯುವವರೂ ಒಂದೇ ಸೂರಿನ ಕೆಳಗೆ ಇದ್ದರು. ನನ್ನಂಥ ಕನ್ನಡದ ಮೇಷ್ಟರು ಪಿತ್ತದ ಮಾತನ್ನಾಡಿದುದಕ್ಕೆ ಅಪ್ಪಣೆ ಬೇಕಾದರೆ ಆ ಶಾಸನದಲ್ಲಿ ಸಿಕ್ಕೀತು.

ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಎಳೆಯ ಕೂಸಿದ್ದು, ಎರಡು ವಾರ ಕಳೆದರೂ ಅದರ ಕಣ್ಣಿನ ಹಳದಿ ಇಳಿಯದಿದ್ದರೆ ಬಿಸಿಲನ್ನೇ ನಂಬಿ ಕೂಡಬೇಡಿ. ಕೂಸಿನ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಅದು ಬಿಳಿಚಿದ್ದರೆ, ಹತ್ತಿರದ ವೈದ್ಯರು ಪರವಾಗಿಲ್ಲವೆಂದರೂ ಒಪ್ಪದೆ, ಆ ಬಟ್ಟೆಯನ್ನೇ ಕೈಯಲ್ಲಿ ಹಿಡಿದು ಅಂದೇ ಮುಂದಿನ ಆಸ್ಪತ್ರೆಗೆ ಹೊರಡಿ. ನಾಚಬೇಕಾದ್ದು ಅದರಲ್ಲಿ ಏನೂ ಇಲ್ಲ.